ಕಾಕಾನ ಅಂಟದ ಲೇಪ

ಅಂಟಿಕೊಳ್ಳುವ ಯಾವುದನ್ನು ಕಂಡರೂ ನಮ್ಮ ಕಾಕಾನಿಗೆ ಆಗದು. ನೆಂಟರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಜಹೀರಾಬಾದಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ತಾಂಡೂರಿನ ಒಂದು ಮದುವೆಯಲ್ಲಿ ವಧೂವರರನ್ನು ಬಿಟ್ಟು, ತಳ ಹಿಡಿದ ಹಾಲಿನ ಹಂಡೆಯೊಳಗೆ ತಲೆ ಹಾಕಿ ನಿಂತ.

"ಹಾಲಿನಾಗಿನ ಪ್ರೋಟೀನ್ ಮೊದಲ ಕೂಡ್ತದರಿ, ಉಳದದ್ದೆಲ್ಲಾ ಅದರ ಮ್ಯಾಲ ಬಂದು ಕೂಡ್ತದ!"

ಅಡುಗೆಯವನು ಸೌಟು ಹಿಡಿದೇ ಕೈ ಮುಗಿದ. "ಸಾರ್, ಅದು ಕೂಡಲಿ ಬಿಡ್ರಿ, ನೀವು ಹೋಗಿ ಪಂಕ್ತ್ಯಾಗ ಕೂಡ್ರಿ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಗಿನ್ನೂ ಕಾಕಾನ ಹೆಂಡತಿ, ನಮ್ಮ ಕಾಕು, ಗಟ್ಟಿಯಾಗಿದ್ದಳು.

ಆಮೇಲೆ ಅವಳ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಶುರುವಾಯಿತು. ಕೊರಳಿಗೆ ಹಾಕಿದ ನಳಿಕೆ ಪದೇ ಪದೇ ಹೆಪ್ಪುಗಟ್ಟಿ ಮುಚ್ಚುತ್ತಿತ್ತು. ರಕ್ತದ ಪ್ರೋಟೀನು ಮೊದಲು ಪ್ಲಾಸ್ಟಿಕ್ಕಿಗೆ ಅಂಟುತ್ತದಂತೆ, ಹೆಪ್ಪು ಅದರ ಬೆನ್ನಿಗೇ ಬರುತ್ತದಂತೆ. ಕಾಕಾ ಬಿಡುವ ಆಸಾಮಿಯೇ? ಪ್ರೋಟೀನು ಅಂಟದ ಪಾಲಿಮರ್ ಲೇಪ ಕಂಡುಹಿಡಿಯಲು ಹಿತ್ತಲ ಕೋಣೆ ಸೇರಿದ. ನಳಿಕೆಯ ತುಂಡಿಗೆ ಲೇಪ ಬಳಿಯುವುದು, ಮೊಟ್ಟೆಯ ಬಿಳಿ ಸುರಿದು ತೊಳೆಯುವುದು, ನೀಲಿ ಬಣ್ಣ ಹಾಕುವುದು. ನೀಲಿ ಉಳಿದರೆ ಪ್ರೋಟೀನು ಅಂಟಿದೆ ಎಂದರ್ಥ. ಪ್ರತಿ ಸಲವೂ ಉಳಿಯುತ್ತಿತ್ತು.

ಲಿಂಗ ಕಟ್ಟಿದವರ ಮನೆಗೆ ಮೊಟ್ಟೆ! ಕಾಕಾನ ತಾಯಿ, ನಮ್ಮಜ್ಜಿ, ಹಾರಾಡಿದಳು. ಕೊನೆಗೆ ನಾರಾಯಣಖೇಡದ ಹಿರಿಯರು ಬಂದು ರಾಜಿ ಮಾಡಿಸಿದರು: ಪ್ರಯೋಗಕ್ಕಾದರೆ ಅಡ್ಡಿಯಿಲ್ಲ, ಹೊಟ್ಟೆಗೆ ಮಾತ್ರ ಕೂಡದು. ಎಂಥ ಧರ್ಮಸೂಕ್ಷ್ಮ ನೋಡಿ! ಡಾಕ್ಟರು ಎಲ್ಲರೆದುರೇ ಹೇಳಿದ್ದರು, "ಡಯಾಲಿಸಿಸ್‌ನಾಗ ಮೈಯಾಗಿನ ಪ್ರೋಟೀನ್ ಹೊಂಟು ಹೋಗ್ತದರಿ. ಅವರಿಗಿ ತತ್ತಿ ಬಿಳಿ ತಿನಸ್ರಿ." ಕಾಕಾ ಕೂಡ ತಾಯಿಯ ಎದುರು ತುಟಿ ಬಿಚ್ಚಲಿಲ್ಲ. ಪ್ಲಾಸ್ಟಿಕ್ ನಳಿಕೆ ದಿನವೂ ಮೊಟ್ಟೆ ತಿಂದಿತು, ಕಾಕು ಒಣಗಿದಳು.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದಾಗ ಅವಳು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಕಾಕಾ ಹಿಗ್ಗಿನಿಂದ ತುಂಡು ತೋರಿಸಿದ.

"ನೋಡು, ಇವತ್ತ ನೀಲಿ ಕಡಿಮಿ ಅದ! ಇನ್ನೊಂದೀಟು ತಡಿ."

"ಭಾಳ ತಡದೀನ್ರಿ. ಆ ತತ್ತಿ ನನಗ ಕುದಿಸಿ ಕೊಡ್ರಿ. ಹಸಿವಾಗ್ಯದ."

ಕಾಕಾ ಒಲೆಯ ಮೇಲಿನ ಲೇಪವನ್ನು ಇಳಿಸಿದ. ಬೇರೆ ಪಾತ್ರೆಯಲ್ಲಿ ಮೊಟ್ಟೆ ಕುದಿಸಿ, ಸುಲಿದು, ಬಿಳಿಯನ್ನಷ್ಟೇ ಮುರಿದು ಅವಳ ಬಾಯಿಗಿಟ್ಟ. ಕಾಕು ಅಳುತ್ತ ತಿಂದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಜ್ಜಿ! ಇನ್ನು ಮನೆ ಎರಡಾಯಿತು ಎಂದುಕೊಂಡೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಪ್ಪು ಹಚ್ಚಬ್ಯಾಡೋ," ಎಂದಳು ಮಗನಿಗೆ. "ಡಾಕ್ಟರ ಬ್ಯಾಡ ಅಂದಾರ."