ಇಲ್ಲವೆಂದ ಮಗಳು

ಸೈಕಲ್ ರಿಪೇರಿಯವನಿಗೆ ಮೂರು ದಿನದಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಪಕ್ಕದ ಕ್ಷೌರದಂಗಡಿಯವನು ಗಡ್ಡ ಹೆರೆಯುತ್ತ ಸುದ್ದಿ ಹಾಕಿದ್ದ: ಶಾಲೆಗೆ ಹೋಗುವ ಮಕ್ಕಳನ್ನು ಕೆಲಸಕ್ಕೆ ಹಚ್ಚಿದವರನ್ನು ಹಿಡಿಯಲು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬೀದಿ ಬೀದಿ ಸುತ್ತುತ್ತಿದ್ದಾರಂತೆ, ಸಿಕ್ಕಿದವರು ಸೀದಾ ಒಳಗಂತೆ. ಕತ್ತಿ ಕುತ್ತಿಗೆಯ ಮೇಲಿರುವಾಗ ಕೇಳಿದ ಸುದ್ದಿ ಬೇಗ ಎದೆಗಿಳಿಯುತ್ತದೆ.

ಅವನ ಹದಿಮೂರರ ಮಗಳು ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಪಂಕ್ಚರ್ ಹುಡುಕುತ್ತಿದ್ದಳು. (ಇವನ ಕಣ್ಣಿಗೆ ತೊಟ್ಟಿಯ ನೀರೇ ಮಸುಕು, ಇನ್ನು ಗುಳ್ಳೆ ಎಲ್ಲಿ ಕಾಣಬೇಕು? ಕನ್ನಡಕ ಹಾಕಿದರೆ ಮುದುಕ ಎಂದಾರು ಎಂಬ ಬಿಗುಮಾನ ಬೇರೆ.) ನಿಯಮ ಏನೆಂದು ಕಚೇರಿಗೇ ಹೋಗಿ ಕೇಳಿ ಬನ್ನಿ ಎಂದು ಹೆಂಡತಿ ಮೂರು ದಿನವೂ ಹೇಳಿದಳು. ಹುಲಿಗೆ ಹಲ್ಲೆಷ್ಟು ಎಂದು ಹುಲಿಯ ಬಾಯಲ್ಲೇ ಕೈಯಿಟ್ಟು ಎಣಿಸುವವರುಂಟೆ ಎಂದು ಅವನು ಗದರಿದ.

ನಾಲ್ಕನೆಯ ದಿನ ಸಂಜೆ ಒಬ್ಬ ಹೆಂಗಸು ಗಾಳಿ ಹೋದ ಸೈಕಲ್ ತಳ್ಳಿಕೊಂಡು ಬಂದರು. ಕೊರಳಲ್ಲಿ ಕಾರ್ಮಿಕ ಇಲಾಖೆಯ ಗುರುತಿನ ಚೀಟಿ. ಅದನ್ನು ಕಂಡದ್ದೇ ಅವನು ಮಗಳನ್ನು ಹಳೆಯ ಟೈರುಗಳ ರಾಶಿಯ ಹಿಂದೆ ದೂಡಿ, ಅವರು ಬಾಯಿ ತೆರೆಯುವ ಮುಂಚೆಯೇ, ಇಲ್ಲಿ ಕೆಲಸ ಮಾಡುವವನು ತಾನೊಬ್ಬನೇ ಎಂದು ಆಣೆಯಿಟ್ಟುಬಿಟ್ಟ.

"ಮಕ್ಕಳಿದಾರಾ?" ಅವರು ಮಾತಿಗೆಂಬಂತೆ ಕೇಳಿದರು.

"ಇಲ್ಲ ಮೇಡಂ. ಒಂದೂ ಇಲ್ಲ."

ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿದ. ಅವಸರದಲ್ಲಿ ಕಲಕಿದ ರಭಸಕ್ಕೆ ನೀರೆಲ್ಲ ಗುಳ್ಳೆಯಾಯಿತು. ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು. ಮೂಗಿನ ತುದಿಯಿಂದ ಬೆವರು ತೊಟ್ಟಿಗೆ ತೊಟ್ಟಿಕ್ಕಿತು. ಐದನೆಯ ಸುತ್ತಿಗೆ ಟೈರುಗಳ ಹಿಂದಿನಿಂದ ತಾಳ್ಮೆಗೆಟ್ಟ ಅಶರೀರವಾಣಿಯಾಯಿತು.

"ಅಪ್ಪಾ, ವಾಲ್ವ್ ಪಕ್ಕದಲ್ಲೇ ಇದೆ ನೋಡು."

ಇನ್‌ಸ್ಪೆಕ್ಟರ್ ಹುಡುಗಿಯನ್ನು ಹೊರಗೆ ಕರೆದು ವಯಸ್ಸು, ತರಗತಿ, ಕೆಲಸದ ಹೊತ್ತು ಎಲ್ಲ ವಿಚಾರಿಸಿದರು. ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ಏಳರೊಳಗೆ, ಹೆತ್ತವರ ಅಂಗಡಿಯಲ್ಲಿ ಹಗುರ ಕೆಲಸಕ್ಕೆ ಅಡ್ಡಿಯೇನೂ ಇಲ್ಲ ಎಂದರು. ಅವನಿಗೆ ಹೋದ ಜೀವ ಬಂತು. ಬಂದದ್ದು ಅರ್ಧ ದಾರಿಯಲ್ಲೇ ನಿಂತಿತು.

"ಆದ್ರೆ ನಿಮಗೆ ಮಕ್ಕಳೇ ಇಲ್ಲ ಅಂದ್ರಲ್ಲ. ಬೇರೆಯವರ ಮಗೂನ ಕೆಲಸಕ್ಕೆ ಇಟ್ಕೊಂಡ್ರೆ ಕೇಸಾಗುತ್ತೆ."

ಅವನು ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿಯನ್ನು ಕೂಗಿ ಕರೆದು, ಇವಳು ತನ್ನ ಮಗಳೆಂದು ಹೇಳೆಂದು ಗೋಗರೆದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ನಡೆದದ್ದನ್ನೆಲ್ಲ ಮಗಳ ಬಾಯಿಂದ ಸಾವಕಾಶವಾಗಿ ಕೇಳಿಸಿಕೊಂಡಳು.

"ಹುಡುಗಿ ನನ್ನ ಮಗಳೇ ಮೇಡಂ. ಮಕ್ಕಳಿಲ್ಲ ಅಂತ ಇವರೇ ಹೇಳಿದ ಮೇಲೆ ಇವರ ವಿಷಯ ನಾನೇನು ಹೇಳ್ಲಿ?"

ಅವರು ಹೇಳಿಹೋದಂತೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಮಗಳ ಜನನ ಪತ್ರ ಹಿಡಿದು ಕಚೇರಿಯಲ್ಲಿ ನಿಂತಿದ್ದ. ಇನ್‌ಸ್ಪೆಕ್ಟರ್ ಪತ್ರ ನೋಡಿ ನಕ್ಕು, ಅಂಗಡಿಯ ಗೋಡೆಗೆ ಹಾಕಲು ಅನುಮತಿ ಚೀಟಿ ಬರೆದುಕೊಟ್ಟರು: ಐದರಿಂದ ಏಳು, ಹಗುರ ಕೆಲಸ. ಕೆಳಗೆ ಷರತ್ತು ಒಂದೇ ಸಾಲು. ಹುಡುಗಿ ಕೆಲಸದಲ್ಲಿರುವಾಗ ತಿಳಿವಳಿಕೆಯುಳ್ಳ ಹಿರಿಯರೊಬ್ಬರು ಅಂಗಡಿಯಲ್ಲಿ ಇರತಕ್ಕದ್ದು.

ಅಂದು ಸಂಜೆಯಿಂದ ಹೆಂಡತಿಯೂ ಅಂಗಡಿಗೆ ಬಂದು ಕೂತಳು.