ವಿಭೂತಿ ಒಲ್ಲದ ದೀಪದವರಿಗೆ

ಮಿರಜ ಪೇಟೆಯ ನಮ್ಮ ಬ್ಲೌಸ್ ಪೀಸ್ ಅಂಗಡಿಯ ಕೌಂಟರ್ ಮೇಲೆ ಇಂದು ಬೆಳಿಗ್ಗೆ ತಾನೇ ಪೀಠವೇರಿದ ಹ್ಯಾಲೋಜನ್ ದೀಪದವರಿಗೆ,

ಮಾನ್ಯರೇ,

ಸುರಕ್ಷಿತ ದೂರದಿಂದ ಅಂಗಡಿಕಾರ ಕಾಡಪ್ಪನ ನಮಸ್ಕಾರಗಳು. ಎಲ್‌ಇಡಿ ಬೆಳಕಿನಲ್ಲಿ ಮರೂನ್ ಎಂದು ಕೊಂಡ ಬಟ್ಟೆ ಮನೆ ಮುಟ್ಟುವಷ್ಟರಲ್ಲಿ ಕಂದು ಬಣ್ಣವಾಗಿ, ಗಿರಾಕಿಗಳು ಅದನ್ನು ತಂದು ನಮ್ಮ ಮುಖಕ್ಕೆ ಎಸೆಯುತ್ತಿದ್ದ ಕಾಲದಲ್ಲಿ, ಸೀರೆಯ ಕೆಂಪಿಗೂ ಬ್ಲೌಸಿನ ಕೆಂಪಿಗೂ ಇರುವ ಅಂತರವನ್ನು ಮುಲಾಜಿಲ್ಲದೆ ತೋರಿಸಿದವರು ತಮ್ಮ ಕುಲದವರು.

ತಮ್ಮ ಒಳಗಿನ ಸಂಸಾರವೂ ಮೆಚ್ಚುವಂಥದೇ. ಹಳೆಯ ಬಲ್ಬಿನಲ್ಲಿ ಕಾದ ತಂತಿಯಿಂದ ಹಾರಿದ ಟಂಗ್‌ಸ್ಟನ್ ಕಣಗಳು ಗಾಜಿಗೆ ಮಸಿಯಾಗಿ ಅಂಟುತ್ತಿದ್ದವು. ತಮ್ಮಲ್ಲಾದರೋ ಚಿಟಿಕೆಯಷ್ಟು ಅಯೋಡಿನ್ ಆವಿ, ಸುಡುಸುಡುವ ಗಾಜಿನ ಹತ್ತಿರವೇ ಅವುಗಳನ್ನು ಹಿಡಿದು, ಮರಳಿ ತಂತಿಗೆ ತಂದು ಬಿಡುತ್ತದಂತೆ. ಆ ಆವಿಯನ್ನು ನಮ್ಮ ಬಾಗಿಲಲ್ಲೂ ಒಂದಿಷ್ಟು ಹರಡಿ, ಸಾಂಗ್ಲಿಯ ಅಂಗಡಿಗಳಿಗೆ ಹಾರುವ ಗಿರಾಕಿಗಳನ್ನು ವಾಪಸು ತರಬೇಕಾಗಿ ವಿನಂತಿ.

ಆದರೆ ಇಷ್ಟು ಬೆಂಕಿ ಅರಗಿಸಿಕೊಳ್ಳುವ ತಮಗೆ ನಮ್ಮ ಅವ್ವನ ಮೂರು ಬೆರಳು ತಾಳಲಾಗದೇ? ಎಂಬತ್ತೆರಡರ ನಾಗವ್ವ, ಫ್ರಿಜ್ಜಿರಲಿ, ಬಟ್ಟೆ ಅಳೆಯುವ ಮೀಟರ್ ಪಟ್ಟಿಯಿರಲಿ, ವಿಭೂತಿ ಹಚ್ಚದೆ ಬಳಕೆಗೆ ಬಿಟ್ಟವಳಲ್ಲ. ತಮ್ಮ ಹಿಂದಿನವರಿಗೂ ಹಚ್ಚಿದಳು. ವಾರದೊಳಗೆ ಅವರ ಗಾಜು ಉಬ್ಬಿ ಟಪ್ಪೆಂದು ಒಡೆಯಿತು. ವೈರಿಂಗ್ ಮಾಡುವ ದಶರಥ ಬಂದು, “ಕಾಕಾ, ಈ ಗಾಜಿಗೆ ಬರಿಗೈ ಸುದ್ದಾ ಹಚ್ಚಬಾರದ್ರಿ. ಬೆರಳಿನ ಎಣ್ಣಿ, ಉಪ್ಪು ಕಾದು ಗಾಜು ಕೆಡತೈತಿ. ವಿಭೂತಿ ಅಂದ್ರಂತೂ ಮುಗದಹೋತು” ಎಂದ. ಅವ್ವನಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ತಾನು ಹಚ್ಚಿದ್ದೇ ಕಡಿಮೆಯಾಯಿತೆಂದು ನೊಂದು, ಮುಂದಿನ ದೀಪಕ್ಕೆ ಇನ್ನೂ ದಪ್ಪಗೆ ಎಳೆದಳು. ಅವರು ಮೂರೇ ದಿನ ಬಾಳಿದರು.

ಈಗ ತಾವೇ ಕೊನೆಯವರು. ಈ ಮಾದರಿ ಇನ್ನು ಬರುವುದಿಲ್ಲವಂತೆ. ಹನ್ನೊಂದು ಗಂಟೆಗೆ ಬೇಡಗ ಹಳ್ಳಿಯ ಪ್ರಣಿತಾ ತನ್ನ ಮದುವೆಯ ಐದು ಸೀರೆ ಹೊತ್ತು ಮ್ಯಾಚಿಂಗಿಗೆ ಬರುತ್ತಾಳೆ. ಆದಕಾರಣ ತಾವು ಇಂದಿನ ಮಟ್ಟಿಗಾದರೂ ಶಿವಭಕ್ತರಾಗಬೇಕು. ಇಲ್ಲವೇ ಪೀಠದಿಂದಿಳಿದು, ಅವ್ವನ ಕೈ ಮಾತ್ರ ಹಿಡಿಯದೆ, ಆಕೆಯ ಪ್ರೀತಿ ತಮಗೆ ಒಗ್ಗುವುದಿಲ್ಲವೆಂದು ತಾವೇ ಮೆಲ್ಲಗೆ ತಿಳಿಸಬೇಕು. ನಾನು ಹೇಳಿದರೆ ಅಳುತ್ತಾಳೆ, ನನಗೆ ಅದನ್ನು ನೋಡಲಾಗುವುದಿಲ್ಲ.

ಕೈಗವಸು ತೊಟ್ಟು ಸಹಿ ಮಾಡಿದ,
ತಮ್ಮ ವಿಶ್ವಾಸಿ,
ಕಾಡಪ್ಪ

ತಾ.ಕ.: ಇಷ್ಟು ಬರೆಯುವುದರೊಳಗೆ ಅವ್ವ ತಮಗೂ ಹಚ್ಚಿಬಿಟ್ಟಿದ್ದಳು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸುವಾಗ ಸಿಕ್ಕಿಬಿದ್ದು, ದೀಪಕ್ಕೆ ಜಳಕ ಮಾಡಿಸುತ್ತಿದ್ದೇನೆಂದು ಸುಳ್ಳು ಹೇಳಿದೆ. “ಚಲೋ ಮಾಡಿದಿ ನೋಡಪಾ. ಜಳಕಾ ಆದ ಮ್ಯಾಲ ಹಣಿ ಬರಿದ ಇಡಬಾರ್ದು” ಎಂದು ಹಿಗ್ಗಿ, ಮತ್ತೆ ಮೂರು ಬೆರಳು ಎಳೆದಳು. ಸ್ಪಿರಿಟ್ ಮುಗಿದಿದೆ, ಪ್ರಣಿತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಳೆ. ಅವ್ವ ಅಳುವುದಕ್ಕಿಂತ ತಾವು ಒಡೆಯುವುದೇ ನನಗೆ ಲೇಸು. ಸ್ವಿಚ್ ಒತ್ತುತ್ತಿದ್ದೇನೆ.