ಇಂಟರ್‌ವಲ್ಲಿಗೆ ಬರುವ ಮಾವ

ನಮ್ಮ ಮಾವ ಮೊನ್ನೆಯವರೆಗೆ ಏನಿಲ್ಲವೆಂದರೂ ಮುನ್ನೂರು ಸಿನಿಮಾ ನೋಡಿದ್ದರು. ಆದರೆ ಆ ಮುನ್ನೂರರಲ್ಲಿ ನಾಯಕ ನಾಯಕಿ ಮೊದಲ ಸಲ ಭೇಟಿಯಾದದ್ದು ಹೇಗೆ ಎಂಬುದು ಒಂದರಲ್ಲೂ ಅವರಿಗೆ ಗೊತ್ತಿಲ್ಲ! ಅವರು ಥಿಯೇಟರಿನೊಳಗೆ ಕಾಲಿಡುವ ಹೊತ್ತಿಗೆ ಆ ಜೋಡಿ ಪ್ರೀತಿಸಿ, ಹಾಡಿ, ಜಗಳವಾಡಿ ದೂರವಾಗಿ ಮೂಲೆಗೊಬ್ಬರು ಕೂತಿರುತ್ತಿದ್ದರು. ದ್ವಿತೀಯಾರ್ಧದಲ್ಲಿ ಮಾತ್ರ ನಮ್ಮ ಮಾವನನ್ನು ಮೀರಿಸಿದ ಪ್ರೇಕ್ಷಕ ಈ ಜಿಲ್ಲೆಯಲ್ಲೇ ಇಲ್ಲ.

ಇದಕ್ಕೆಲ್ಲ ಕಾರಣ ರೇಷ್ಮೆ ಹುಳು. ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮ ಸೋದರತ್ತೆಯ ಮನೆ. ಮನೆಯ ಹಿಂದೆ ಹುಳದ ಮನೆ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಊಜಿ ನೊಣ ನುಗ್ಗಿ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಇರುವೆ, ಇಲಿ, ಹಲ್ಲಿಗಳಿಗಂತೂ ಹುಳವೆಂದರೆ ಹಬ್ಬದೂಟ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೊರಡುವಂತಿಲ್ಲ. ಆದರೆ ಇಬ್ಬರಿಗೂ ಸಿನಿಮಾ ಹುಚ್ಚು! ಏನು ಮಾಡುವುದು? ಕೂಗಳತೆಯಲ್ಲೇ ಥಿಯೇಟರ್ ಇತ್ತು. ಮ್ಯಾಟಿನಿಗೆ ಒಂದೇ ಟಿಕೆಟ್ ತೆಗೆದುಕೊಂಡು ಇಂಟರ್‌ವಲ್ಲಿನವರೆಗೆ ಅತ್ತೆ ನೋಡುವುದು, ಆಮೇಲೆ ಅದೇ ಟಿಕೆಟ್ಟಿನಲ್ಲಿ ಮಾವ ನೋಡುವುದು ಎಂದು ಒಪ್ಪಂದವಾಯಿತು. ಅತ್ತೆ ಮನೆಗೆ ಬಂದು ಸಂಜೆಯ ಸೊಪ್ಪು ಹಾಕುವಾಗ ಮಾವ ಫೈಟ್ ನೋಡುತ್ತಿದ್ದರು.

ಗೇಟಿನವನು ಮೊದಮೊದಲು ತಕರಾರು ಮಾಡಿದನಂತೆ. "ಒಂದು ಟಿಕೆಟ್ಟಿಗೆ ಒಂದೇ ತಲೆ ಅಲ್ವಾ? ಈಗ ನೀನೇ ಎಣಿಸಪ್ಪ, ಒಳಗಡೆ ಎಷ್ಟು ತಲೆ ಇದೆ?" ಎಂದು ಮಾವ ಕೇಳಿದರಂತೆ. ಅವನು ಎಣಿಸಲು ಹೋಗಲಿಲ್ಲ.

ಬೇರೆ ಬೇರೆ ದಿನ ಹೋಗಿ ಪೂರ್ತಿ ಸಿನಿಮಾ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ.

"ಇಬ್ರೂ ಪೂರ್ತಿ ನೋಡ್ಬಿಟ್ರೆ ಆಮೇಲೆ ಮಾತಾಡಕ್ಕೆ ಏನಿರ್ತದಮ್ಮ?" ಎಂದರು ಮಾವ.

ಇಂಟರ್‌ವಲ್ಲಿನಲ್ಲಿ ಗೇಟಿನ ಬಳಿ ಇಬ್ಬರ ಭೇಟಿ ನಡೆಯುತ್ತಿತ್ತಲ್ಲ, ಅದನ್ನು ನೋಡಲು ಟಿಕೆಟ್ ಇಟ್ಟಿದ್ದರೂ ಜನ ಸೇರುತ್ತಿದ್ದರು. ಮಾವ ಕೈಯಲ್ಲಿದ್ದ ಹುಳದ ಮನೆಯ ಬೀಗದ ಕೈ ಕೊಡುವುದು, ಅತ್ತೆ ಕಥೆ ಕೊಡುವುದು.

"ಕೆಂಪು ಷರ್ಟಿನೋನು ನಮ್ಮೋನು ಕಣ್ರೀ. ಮೀಸೆಯೋನ್ನ ನಂಬ್ಬೇಡಿ. ಹುಡ್ಗಿ ಅಪ್ಪ ಒಳ್ಳೇನೇ, ಸ್ವಲ್ಪ ಕೋಪ ಜಾಸ್ತಿ."

"ಆಯ್ತು. ಮೂರನೇ ಅಟ್ಟಣಿಗೆಲಿ ಸೊಪ್ಪು ಬಾಡಿದೆ, ನೋಡ್ಕೊ."

ಇಷ್ಟೇ! ಒಂದು ಸಲ ಹೀಗೇ ಕೆಂಪು ಷರ್ಟಿನ ಗುರುತು ಹಿಡಿದು ಮಾವ ಒಳಗೆ ಹೋದರು. ಇಂಟರ್‌ವಲ್ ಆದ ಮೇಲೆ ನಾಯಕ ಬಟ್ಟೆ ಬದಲಿಸುವುದಿಲ್ಲವೇ? ಬದಲಿಸಿಬಿಟ್ಟ. ಖಳನಾಯಕನೇ ಕೆಂಪು ಷರ್ಟು ತೊಟ್ಟು ಬಂದ! ಮಾವ ಆ ಕೆಂಪು ಷರ್ಟಿಗೆ ಕೊನೆಯವರೆಗೂ ಶಿಳ್ಳೆ ಹೊಡೆದದ್ದೇ ಹೊಡೆದದ್ದು. ಸುತ್ತಲಿನವರು ತಿರುಗಿ ತಿರುಗಿ ನೋಡಿದರೂ ಬಿಡಲಿಲ್ಲ. ಮನೆಗೆ ಬಂದವರ ಮುಖ ಬಾಡಿತ್ತು. "ನಮ್ಮೋನು ಸೋತೋದ ಕಣೇ. ಆ ಹುಡ್ಗೀನ ಯಾವನೋ ಅಬ್ಬೇಪಾರಿ ಕಟ್ಕೊಂಡು ಹೋದ," ಎಂದು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ.

ಬೇಸಿಗೆ ರಜೆಗೆ ಚಿಂತಾಮಣಿಯಿಂದ ನಾನು ಅವರ ಮನೆಗೆ ಹೋಗುತ್ತಿದ್ದೆ. ಮೊದಲರ್ಧದಲ್ಲಿ ಅತ್ತೆಯ ಪಕ್ಕ, ಉಳಿದರ್ಧದಲ್ಲಿ ಮಾವನ ಪಕ್ಕ. ಆ ಮನೆಯಲ್ಲಿ ಸಿನಿಮಾ ಪೂರ್ತಿ ನೋಡಿದ ಏಕೈಕ ವ್ಯಕ್ತಿ ನಾನು! ಹಾಗಾಗಿಯೇ ಮಾವನ ಕಳ್ಳಾಟ ನನಗೆ ಗೊತ್ತಾದದ್ದು.

ಸಿನಿಮಾ ಬಿಟ್ಟು ಬಂದವರು ಸ್ನಾನ ಮಾಡದೆ ಹುಳದ ಮನೆಗೆ ಹೋಗುವಂತಿಲ್ಲ. ಮೈಗೆ ಅಂಟಿದ ಬೀಡಿ, ಸೆಂಟಿನ ವಾಸನೆ ಹುಳಕ್ಕೆ ಆಗುವುದಿಲ್ಲ. ಆದರೆ ಅತ್ತೆಗೆ ಅಷ್ಟು ತಾಳ್ಮೆ ಎಲ್ಲಿ? "ಸ್ನಾನ ಆಮೇಲೆ, ಆಯಮ್ಮ ಏನಾದ್ಲು ಹೇಳ್ರೀ ಮೊದ್ಲು," ಎಂದು ಒಳಗಿಂದಲೇ ಕೂಗುತ್ತಿದ್ದರು. ಮಾವ ಬಾಗಿಲಿನ ಬಲೆಯ ಈಚೆ ನಿಂತು ಕಥೆ ಹೇಳುತ್ತಿದ್ದರು. ಆ ದಿನ ಸಿನಿಮಾದಲ್ಲಿ ನಾಯಕನ ತಾಯಿ ಸತ್ತಿದ್ದಳು. ನಾನು ಅತ್ತೂ ಅತ್ತೂ ಮೂಗು ಕೆಂಪು ಮಾಡಿಕೊಂಡಿದ್ದೆ. ಮಾವ ಹೇಳಿದರು: "ಒಳ್ಳೇ ಡಾಕ್ಟ್ರು ಸಿಕ್ಕಿದ್ರು ಕಣೇ. ಹುಷಾರಾಗಿ ಎದ್ದು ಕೂತು, ಸೊಸೆ ಕೈಯಲ್ಲಿ ಮುದ್ದೆ ಮಾಡಿಸ್ಕೊಂಡು ತಿಂದ್ಲು."

ನಾನು ಬಾಯಿ ತೆರೆದೆ. ಮಾವ ಅದಕ್ಕೆ ಕಡಲೆ ಮಿಠಾಯಿ ತುರುಕಿದರು.

ಅಲ್ಲಿಂದ ಗಮನಿಸತೊಡಗಿದೆ. ನಮ್ಮ ಮಾವನ ದ್ವಿತೀಯಾರ್ಧದಲ್ಲಿ ಯಾರೂ ಸಾಯುತ್ತಿರಲಿಲ್ಲ! ಗುಂಡು ಭುಜಕ್ಕೆ ತಾಗಿ ಹೋಗುತ್ತಿತ್ತು, ಪ್ರಪಾತಕ್ಕೆ ಬಿದ್ದವರು ಮರದ ಕೊಂಬೆಗೆ ಸಿಕ್ಕಿಕೊಳ್ಳುತ್ತಿದ್ದರು, ಕ್ಯಾನ್ಸರ್ ಕಾಯಿಲೆಯ ರಿಪೋರ್ಟೇ ಅದಲು ಬದಲಾಗಿರುತ್ತಿತ್ತು. ಮೊದಲರ್ಧದಲ್ಲಿ ಸತ್ತವರ ವಿಷಯದಲ್ಲಿ ಅವರು ಏನೂ ಮಾಡುವಂತಿರಲಿಲ್ಲ, ಅತ್ತೆ ಸ್ವತಃ ಕಣ್ಣಾರೆ ನೋಡಿರುತ್ತಿದ್ದರಲ್ಲ. ಆದರೂ ಒಮ್ಮೆ ಚಿತೆಯ ಮೇಲೆ ಮಲಗಿಸಿದ್ದವಳನ್ನೂ ಎಬ್ಬಿಸಿಬಿಟ್ಟರು. "ಸತ್ತಿರ್ಲಿಲ್ಲ ಕಣೇ, ಬರೀ ಮೂರ್ಛೆ!"

ಇದೆಲ್ಲ ಯಾಕೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ನಮ್ಮಮ್ಮ ಹೇಳಿದಾಗ. ಕೆಂಚಾರ್ಲಹಳ್ಳಿಯಲ್ಲಿದ್ದ ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ಹಾಸಿಗೆ ಹಿಡಿದಾಗ ಶಿಡ್ಲಘಟ್ಟದಲ್ಲಿ ಹುಳಗಳು ಹಣ್ಣಾಗುತ್ತಿದ್ದವು. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ, ತಡವಾದರೆ ಇಡೀ ಬೆಳೆ ಹಾಳು. "ಎರಡು ದಿನ ತಡೀರಿ, ಬಂದ್ಬಿಡ್ತೀನಿ" ಎಂದು ಅತ್ತೆ ಹೇಳಿ ಕಳಿಸಿದರು. ಕೆಲಸ ಮುಗಿಸಿ ಬಸ್ಸಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅತ್ತೆ ಅಲ್ಲಿ ಒಂದು ಹನಿ ಕಣ್ಣೀರೂ ಹಾಕಲಿಲ್ಲವಂತೆ. ಅಳುವುದಕ್ಕೆ ತನಗೇನು ಹಕ್ಕಿದೆ ಎಂದುಕೊಂಡರೋ ಏನೋ. ತನ್ನ ತಾಯಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಎತ್ತಲೂ ಇಲ್ಲ. ಅಂದಿನಿಂದ ಸಾವಿನ ಸುದ್ದಿ ಹೆಂಡತಿಯ ಕಿವಿಗೆ ಬೀಳದಂತೆ ಕಾಯುವುದೇ ಮಾವನ ಕೆಲಸವಾಯಿತು. ಬಲೆಯ ಬಾಗಿಲು ನೊಣವನ್ನು ತಡೆದಂತೆ ತಡೆದರು.

ಆ ಥಿಯೇಟರ್ ಮುಚ್ಚಿ ಎಷ್ಟೋ ವರ್ಷವಾಯಿತು. ಮನೆಗೆ ಟಿವಿ ಬಂದ ಮೇಲೂ ಅದೇ ಪದ್ಧತಿ. ಅರ್ಧ ಸಿನಿಮಾಕ್ಕೆ ಅತ್ತೆ ಎದ್ದು ಹೋಗುತ್ತಾರೆ, ಮಾವ ಬಂದು ಕೂರುತ್ತಾರೆ. ಮೊನ್ನೆ ಗೂಡನ್ನು ಮಾರ್ಕೆಟ್ಟಿನಲ್ಲಿ ಮಾರಿ, ಹುಳದ ಮನೆ ತೊಳೆದು ಔಷಧಿ ಹೊಡೆದು ಖಾಲಿ ಬಿಟ್ಟಿದ್ದರು. ಇದೇ ಸಮಯವೆಂದು ಇಬ್ಬರನ್ನೂ ಒಟ್ಟಿಗೆ ಚಿಕ್ಕಬಳ್ಳಾಪುರಕ್ಕೆ ಸಿನಿಮಾ ತೋರಿಸಲು ಕರೆದೆ. ಅತ್ತೆ ಹೊಸ ಸೀರೆ ತೆಗೆದರು. ಮಾವ ದಿನಕ್ಕೆ ಮೂರು ಸಲ ಫೋನ್ ಮಾಡಿದರು.

"ಅದ್ರಲ್ಲಿ ಯಾರಾದ್ರೂ ಸಾಯ್ತಾರೇನಮ್ಮ? ವಿಚಾರಿಸ್ಕೊಂಡು ಟಿಕೆಟ್ ತಗೋ."

"ಬರೀ ನಗೋ ಸಿನಿಮಾ ಅಂತೆ ಮಾವ, ಭಯ ಬೀಳ್ಬೇಡಿ," ಎಂದು ಧೈರ್ಯ ಹೇಳಿದೆ.

ಪರದೆಯ ಮೇಲೆ ಹೆಸರುಗಳು ಬರತೊಡಗಿದಾಗ ಮಾವ ಕಣ್ಣರಳಿಸಿ ನೋಡಿದರು. "ಇಷ್ಟು ಜನ ಸೇರಿ ಮಾಡ್ತಾರಾ!" ಇಂಟರ್‌ವಲ್ ದೀಪ ಹತ್ತಿತೋ ಇಲ್ಲವೋ, ಅತ್ತೆ ಅಭ್ಯಾಸಬಲದಿಂದ ಚೀಲ ತೆಗೆದುಕೊಂಡು ಎದ್ದರು. ಮಾವನೂ ಅಭ್ಯಾಸಬಲದಿಂದಲೇ "ನಮ್ಮೋನು ಯಾರು?" ಎಂದು ಕೇಳಿದರು! ಒಂದೂವರೆ ಗಂಟೆ ಪಕ್ಕದಲ್ಲೇ ಕೂತು ನೋಡಿದ ಮನುಷ್ಯ! ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಗಿಸುತ್ತಿದ್ದ ಸಿನಿಮಾ ಇದ್ದಕ್ಕಿದ್ದಂತೆ ನಾಯಕನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿತು. ಮಾವ ಅತ್ತೆಯ ತೋಳು ಹಿಡಿದರು.

"ಏಳೇ, ಹೋಗಣ. ಸೊಪ್ಪು ಹಾಕೋ ಹೊತ್ತಾಯ್ತು."

"ಹುಳಾನೇ ಇಲ್ವಲ್ರೀ, ಯಾರಿಗೆ ಹಾಕ್ಲಿ ಸೊಪ್ಪು? ಸುಮ್ನೆ ಕೂತ್ಕೊಳಿ."

ಮಾವನಿಗೆ ಕೂರಲಾಗಲಿಲ್ಲ. ಕತ್ತಲೆಯಲ್ಲಿ ನಾಲ್ಕಾರು ಜನರ ಕಾಲು ತುಳಿದುಕೊಂಡು ಹೊರಗೆ ಹೋದವರು ಮತ್ತೆ ಬರಲೇ ಇಲ್ಲ. ಆ ತಾಯಿ ಸತ್ತಳು. ನಾನು ಅತ್ತೆಯ ಕಡೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಸಿನಿಮಾ ಮುಗಿದು ಹೊರಗೆ ಬಂದಾಗ ಮಾವ ಮೆಟ್ಟಿಲ ಬಳಿ ನಿಂತಿದ್ದರು. ಕೈಯಲ್ಲಿ ಪಾಪ್‌ಕಾರ್ನಿನ ಡಬ್ಬಿ, ಒಂದು ಕಾಳೂ ತಿಂದಿರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದರು.

ನನ್ನ ಕಾರು ಊರು ದಾಟಿತು. ಹಿಂದಿನ ಸೀಟಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಕೊನೆಗೆ ಮಾವನೇ ಕೇಳಿದರು.

"ಆಯಮ್ಮ... ಏನಾದ್ಲು?"

"ಹೋಗ್ಬಿಟ್ಲು ರೀ," ಎಂದರು ಅತ್ತೆ. ಕಿಟಕಿಯ ಕಡೆ ತಿರುಗಿ ಮುಂದುವರಿಸಿದರು. "ಹೋಗೋ ಮುಂಚೆ ಮಗಳ ಕೈ ಹಿಡ್ಕೊಂಡು ಹೇಳಿದ್ಲು, ನೀ ತಡವಾಗಿ ಬಂದಿದ್ಕೆ ನಂಗೇನೂ ಬೇಜಾರಿಲ್ಲ ಕಣಮ್ಮ, ಕೈಯಲ್ಲಿ ಕೆಲಸ ಇಟ್ಕೊಂಡು ಹೆಂಗೆ ತಾನೇ ಬರ್ತೀಯ ಅಂತ."

ಸಿನಿಮಾದಲ್ಲಿ ಆ ತಾಯಿ ಸಾಯುವಾಗ ಒಂದು ಮಾತೂ ಆಡಿರಲಿಲ್ಲ. ಆಕೆಗೆ ಇದ್ದದ್ದು ಒಬ್ಬನೇ ಮಗ, ಮಗಳೇ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಮೊದಲರ್ಧ ನೋಡಿದ್ದ ಮಾವನಿಗೂ ಅದು ಚೆನ್ನಾಗಿ ಗೊತ್ತಿತ್ತು.

"ಒಳ್ಳೇ ತಾಯಿ ಕಣೇ," ಎಂದರು ಮಾವ.

ಕನ್ನಡಿಯಲ್ಲಿ ನೋಡಿದೆ. ಅತ್ತೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಮಾವ ಈ ಸಲ ತಡೆಯಲಿಲ್ಲ.